ದ್ವೀಪದ ಹೆಸರು, ವಂಶದ ಸಾಕ್ಷ್ಯ

ಪ್ರಶ್ನೆ: ಟೆಕ್ಸಸ್‌ನಲ್ಲಿ ನೆಲೆಸಿರುವ ನಾನು ‘ಹಾಗ್ ಐಲೆಂಡ್ ಬೋವಾ’ ಹಾವಿನ ಮರಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಅದು ಅಸಲಿಯೆಂದು ತಿಳಿಯುವುದೆಂತು?

ಉತ್ತರ: ಮಾನ್ಯರೇ, ತಾವು ಕೇಳಿರುವುದು ಕಣ್ಣಿನ ಪರೀಕ್ಷೆಯಿಂದ ತೀರುವ ಪ್ರಶ್ನೆಯಲ್ಲ. ಹೊಂಡುರಾಸ್‌ನ ಉತ್ತರ ಕರಾವಳಿಗೆ ಸಮೀಪದ ಕಾಯೋಸ್ ಕೊಚಿನೋಸ್ ಎಂಬ ಕಿರುದ್ವೀಪಸಮೂಹಕ್ಕೆ ವ್ಯಾಪಾರದಲ್ಲಿ ರೂಢಿಯಾದ ಹೆಸರೇ ಹಾಗ್ ಐಲೆಂಡ್. 1970ರ ದಶಕದ ಕೊನೆಯಿಂದ ಅಲ್ಲಿನ ಬೋವಾ ಹಾವುಗಳು ಸಾವಿರಾರು ಸಂಖ್ಯೆಯಲ್ಲಿ ಸೆರೆಯಾಗಿ ಹೊರನಾಡುಗಳಿಗೆ ಸಾಗಿ, ದ್ವೀಪಗಳಲ್ಲಿ ಅತಿ ವಿರಳವಾದುವು. 1993ರಲ್ಲಿ ಆ ಪ್ರದೇಶಕ್ಕೆ ಶಾಸನದ ರಕ್ಷಣೆ ದೊರೆಯಿತು. ಆದುದರಿಂದ ಇಂದು ಮಾರಾಟಕ್ಕಿರುವ ಅಸಲಿ ಮರಿಯು ಅಂದು ತಂದ ಹಾವುಗಳ ಸಂತತಿಯೇ ಆಗಿರಬೇಕಷ್ಟೆ.

ಗಿಡ್ಡ ದೇಹ, ಮಾಸಲು ಗುಲಾಬಿ ಮೈ, ಕಿತ್ತಳೆಯ ಛಾಯೆಯ ಬಾಲ ಇವು ಲಕ್ಷಣಗಳೇನೋ ಅಹುದು. ಆದರೆ ಹಗಲಲ್ಲಿ ಮಬ್ಬಾಗಿ ತೋರಿದ ಅದೇ ಹಾವು ರಾತ್ರಿ ದೀಪದೆದುರು ಬಿಳಿಚಿಕೊಂಡಿರುವುದುಂಟು. ಮೇಲಾಗಿ ಮುಖ್ಯಭೂಮಿಯ ಬೋವಾಗಳೊಡನೆ ಇವು ಸುಲಭವಾಗಿ ಕೂಡಿ ಮರಿಹಾಕುವುದರಿಂದ, ಮಿಶ್ರಸಂತತಿಯೂ ಅದೇ ಚೆಲುವನ್ನು ತಳೆದು ನಿಲ್ಲಬಲ್ಲದು. ಬಣ್ಣವನ್ನು ನೆಚ್ಚದೆ, ತಂದೆತಾಯಿಗಳ ಚಿತ್ರ, ಜನ್ಮದಿನಾಂಕ, ಸಾಕಿದವರ ಹೆಸರು, ಹಿಂದಿನ ತಲೆಮಾರುಗಳ ದಾಖಲೆ ಇವೆಲ್ಲವನ್ನೂ ಕೇಳಿ ಪಡೆಯಿರಿ. ಈ ಸರಪಳಿಯ ಒಂದು ಕೊಂಡಿ ಕಳಚಿದ್ದರೂ ದ್ವೀಪದ ಹೆಸರಿಗೆ ಹೆಚ್ಚಿನ ಬೆಲೆ ತೆರಬೇಡಿ. ಹೊರದೇಶದಿಂದ ತಂದುದಾದರೆ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪತ್ರವೂ ಇರತಕ್ಕದ್ದು.

ದಾಖಲೆಯಿಲ್ಲದ ಹಾವನ್ನು ಪ್ರೀತಿಯಿಂದ ಸಾಕಿರಿ, ದೋಷವಿಲ್ಲ. ಆದರೆ ಅದರ ಮರಿಗಳನ್ನು ಆ ಹೆಸರಿನಿಂದ ಎಂದಿಗೂ ಮಾರದಿರಿ. ಅಂದು ಬಹುಮಟ್ಟಿಗೆ ಬರಿದಾಗಿದ್ದ ದ್ವೀಪಕ್ಕೆ ನಾವು ಸಲ್ಲಿಸಬಹುದಾದ ಋಣ ಸತ್ಯವೊಂದೇ.