ಕೊನೆಯ ದಿನ ಒಂದು, ಕೆಲಸದ ದಿನ ಇನ್ನೊಂದು



ನಿಮ್ಮ ಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರನ್ನು ಒಮ್ಮೆ ನೋಡಿ. ಅದರಲ್ಲಿ ಪೆನ್ನಿನಿಂದ ಸುತ್ತು ಹಾಕಿರುವ ದಿನಗಳು ಯಾವುವು? ಕರೆಂಟ್ ಬಿಲ್ ಕಟ್ಟಲು ಕೊನೆಯ ದಿನ, ಸಂಘದ ಸಾಲದ ಕಂತು, ಮಗಳ ಶಾಲೆಯ ಫೀಸು, ಮಗನ ಪರೀಕ್ಷೆ ಆರಂಭವಾಗುವ ದಿನ. ಇವೆಲ್ಲ ಕೆಲಸ ಮುಗಿದಿರಬೇಕಾದ ದಿನಗಳು. ಆ ಕೆಲಸಕ್ಕೆ ಕೈಹಾಕುವ ದಿನವನ್ನು ಬರೆದಿಟ್ಟವರು ಎಷ್ಟು ಮಂದಿ? ಮನೆಭೇಟಿಗೆ ಹೋದಾಗ ನಾನು ಎಷ್ಟೋ ಕ್ಯಾಲೆಂಡರುಗಳನ್ನು ನೋಡಿದ್ದೇನೆ. ಅಂಥದ್ದೊಂದನ್ನು ಕಂಡ ನೆನಪಿಲ್ಲ. ನನ್ನ ಮೇಜಿನ ಮೇಲಿನ ಡೈರಿಯೂ ಬಹುಕಾಲ ಹಾಗೆಯೇ ಇತ್ತು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ತಿಂಗಳ 30 ಕೊನೆಯ ದಿನ. ತಂದೆ 30ಕ್ಕೆ ಸುತ್ತು ಹಾಕಿ ನಿಶ್ಚಿಂತರಾಗುತ್ತಾರೆ. 28ರ ಸಂಜೆ ಅರ್ಜಿ ತುಂಬಲು ಕುಳಿತಾಗ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು ಗೊತ್ತಾಗುತ್ತದೆ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿಲ್ಲ. ಮರುದಿನ ಸೈಬರ್ ಅಂಗಡಿಯಲ್ಲಿ ಸರ್ವರ್ ಇಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ತಪ್ಪೆಲ್ಲ ಮಗಳ ತಲೆಯ ಮೇಲೆ ಬೀಳುತ್ತದೆ.

ಇದನ್ನು ಹಿಂದಿನಿಂದ ಎಣಿಸಿ ನೋಡಿ. ಸರ್ವರ್ ಕೈಕೊಟ್ಟರೂ ಸಮಯ ಉಳಿಯುವಂತೆ 25ಕ್ಕೇ ಅರ್ಜಿ ಸಲ್ಲಿಸೋಣ. ಪ್ರಮಾಣಪತ್ರಕ್ಕೆ ಎರಡು ವಾರ ಹಿಡಿಯಬಹುದು ಎಂದಿಟ್ಟುಕೊಂಡರೆ ನಾಡಕಚೇರಿಗೆ 11ಕ್ಕೆ ಅರ್ಜಿ ಹಾಕಬೇಕು. ಹಳೆಯ ಕಾಗದಗಳನ್ನು ಹುಡುಕಿ ಜೋಡಿಸಲು 10ರ ಸಂಜೆ. ಹಾಗಾದರೆ ಈ ತಂದೆ ಮೊದಲು ಸುತ್ತು ಹಾಕಬೇಕಾಗಿದ್ದ ದಿನ 30 ಅಲ್ಲ, 10. ಕೊನೆಯ ದಿನವನ್ನು ಸರಕಾರ ನಿಗದಿ ಮಾಡುತ್ತದೆ. ಕೆಲಸದ ದಿನವನ್ನು ನಾವೇ ನಿಗದಿ ಮಾಡಬೇಕು, ಅದನ್ನು ಬೇರೆ ಯಾರೂ ನಮಗೆ ತಿಳಿಸುವುದಿಲ್ಲ.

‘ನನಗೆ ಅಷ್ಟು ದಿನ ಬೇಡ ಫಾದರ್, ಕುಳಿತರೆ ಒಂದೇ ದಿನದಲ್ಲಿ ಮುಗಿಸುತ್ತೇನೆ’ ಎನ್ನುವವರಿದ್ದಾರೆ. 1994ರಲ್ಲಿ ಕೆನಡಾದ ಮೂವರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದು ಅವರಿಗೆ ಉತ್ತರ ಕೊಡುತ್ತದೆ. ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ‘ಎಷ್ಟು ದಿನದಲ್ಲಿ ಮುಗಿಸುವಿರಿ?’ ಎಂದು ಕೇಳಲಾಯಿತು. ಅವರು ಕೊಟ್ಟ ಉತ್ತರದ ಸರಾಸರಿ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಎಂದು ಕೇಳಿದಾಗ ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ಅವರೇನೂ ಸೋಮಾರಿಗಳಲ್ಲ. ಮುಂದಿನ ಕೆಲಸವನ್ನು ನೆನೆಯುವಾಗ ನಡುವೆ ಬರುವ ಜ್ವರ, ನೆಂಟರು, ಮಳೆ ಯಾವುದೂ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮನುಷ್ಯನ ಮನಸ್ಸೇ ಹಾಗೆ.

ಇನ್ನೊಂದು ಅಧ್ಯಯನ ಕ್ರಿಸ್ತ ಜಯಂತಿಗೆ ಸಂಬಂಧಿಸಿದ್ದು. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ಅದನ್ನು 1997ರಲ್ಲಿ ಪ್ರಕಟಿಸಿದರು. ಜಯಂತಿಯ ಹಿಂದಿನ ಸಂಜೆಯನ್ನು ಹೇಗೆ ಕಳೆದಿರೆಂದು 48 ಗಂಟೆಗಳೊಳಗೆ ಬರೆದು ಕಳುಹಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಗಡುವು ಎಲ್ಲರಿಗೂ ಒಂದೇ. ಆದರೆ ಅರ್ಧದಷ್ಟು ಮಂದಿಗೆ ಮಾತ್ರ, ಯಾವ ಹೊತ್ತಿನಲ್ಲಿ, ಎಲ್ಲಿ ಕುಳಿತು ಬರೆಯುವಿರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲು ತಿಳಿಸಲಾಯಿತು. ಅವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಕೆಲಸ ಮುಗಿಸಿದರು. ಉಳಿದವರಲ್ಲಿ ಮುಗಿಸಿದವರು ಸುಮಾರು ಮೂರರಲ್ಲೊಂದು ಪಾಲು.

ಧರ್ಮಸಭೆಗೆ ಈ ವಿವೇಕ ಹೊಸದಲ್ಲ. ಮಾರ್ಚ್ 21ರಂದು ಅಥವಾ ಅದರ ಬಳಿಕ ಬರುವ ಹುಣ್ಣಿಮೆಯ ನಂತರದ ಭಾನುವಾರ ಪಾಸ್ಖ ಹಬ್ಬ. ದಿನ ಗೊತ್ತಾದೊಡನೆ ಧರ್ಮಸಭೆ ಹಿಂದಕ್ಕೆ ಎಣಿಸುತ್ತದೆ: 46 ದಿನ ಮುಂಚೆ ವಿಭೂತಿ ಬುಧವಾರ, ನಡುವಿನ ಆರು ಭಾನುವಾರಗಳನ್ನು ಬಿಟ್ಟರೆ 40 ದಿನಗಳ ತಪಸ್ಸು ಕಾಲ. ಜನವರಿಯಲ್ಲಿ ಮೂರು ರಾಜರ ಹಬ್ಬದಂದೇ ಆ ವರ್ಷದ ಪಾಸ್ಖ ಮತ್ತು ವಿಭೂತಿ ಬುಧವಾರದ ದಿನಾಂಕಗಳನ್ನು ದೇವಾಲಯದಲ್ಲಿ ಸಾರುವ ಪುರಾತನ ಪದ್ಧತಿ ಇಂದಿಗೂ ಪೂಜಾವಿಧಿಯಲ್ಲಿದೆ. ಹಬ್ಬದ ದಿನದ ಜೊತೆಗೆ ಸಿದ್ಧತೆ ಆರಂಭವಾಗುವ ದಿನವನ್ನೂ ಸಾರುವುದನ್ನು ಗಮನಿಸಿ. ಹೀಗಿದ್ದರೂ ಪಾಪನಿವೇದನೆಗೆ ಉದ್ದನೆಯ ಸಾಲು ಕಾಣುವುದು ಪವಿತ್ರ ವಾರದಲ್ಲಿಯೇ.

ಇದುವರೆಗೆ ಹೇಳಿದ್ದು ಕೊನೆಯ ದಿನವಿರುವ ಕೆಲಸಗಳ ವಿಷಯ. ಕೊನೆಯ ದಿನವೇ ಇಲ್ಲದ ಕೆಲಸಗಳ ಗತಿ ಏನು? ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಒಬ್ಬ ವೃದ್ಧರು ಜಮೀನಿನ ಬದುವಿನ ಜಗಳದಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದರು. ಒಂದು ಭಾನುವಾರ ಪೂಜೆಯ ನಂತರ ಬಂದು, ‘ಫಾದರ್, ಒಂದು ದಿನ ನನ್ನ ಜೊತೆ ಬನ್ನಿ, ಅವನ ಮನೆಗೆ ಹೋಗೋಣ’ ಎಂದರು. ‘ಖಂಡಿತ ಹೋಗೋಣ, ಹಬ್ಬ ಮುಗಿಯಲಿ’ ಎಂದೆ. ಹಬ್ಬ ಮುಗಿಯಿತು. ಲೆಕ್ಕಪತ್ರ ಬಂತು, ವಾರ್ಷಿಕ ವರದಿ ಬಂತು. ಅವಕ್ಕೆ ಕೊನೆಯ ದಿನವಿತ್ತು, ಆದ್ದರಿಂದ ಅವು ಮುಂದೆ ಬಂದವು. ಈ ಭೇಟಿಗೆ ಕೊನೆಯ ದಿನ ಇರಲಿಲ್ಲ, ಅದು ಹಿಂದೆಯೇ ಉಳಿಯಿತು. ಮಳೆಗಾಲದ ಒಂದು ಮುಂಜಾನೆ ಆ ವೃದ್ಧರು ತೀರಿಕೊಂಡರು. ಸಮಾಧಿಯ ಬಳಿ ತಮ್ಮ ನನ್ನ ಹತ್ತಿರ ಬಂದು, ‘ಅಣ್ಣ ನನ್ನ ವಿಷಯ ಏನಾದರೂ ಹೇಳಿದ್ದನೇ ಫಾದರ್?’ ಎಂದು ಕೇಳಿದರು. ನಿಮ್ಮ ಮನೆಗೆ ಬರಬೇಕೆಂದಿದ್ದರು, ತಡವಾದದ್ದು ನನ್ನಿಂದ ಎಂದು ಹೇಳಬೇಕಾಯಿತು.

ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಕೋಪವನ್ನು ಸೂರ್ಯ ಮುಳುಗುವುದರೊಳಗೆ ತೀರಿಸಿಕೊಳ್ಳಲು ಹೇಳುತ್ತಾರೆ. ಗಡುವಿಲ್ಲದ ಕೆಲಸಕ್ಕೂ ನಾವೇ ಒಂದು ಹೊತ್ತನ್ನು ಗೊತ್ತುಮಾಡಬೇಕೆಂಬುದನ್ನು ಆ ಮಾತಿನಲ್ಲಿ ನಾನು ಕಂಡುಕೊಂಡದ್ದು ಆ ಸಾವಿನ ಬಳಿಕ.

ಈ ವಾರ ಮನೆಯವರೆಲ್ಲ ಸೇರಿ ಹೀಗೆ ಮಾಡಿ:

1. ರಾತ್ರಿ ಜಪಸರ ಮುಗಿದ ಮೇಲೆ ಕ್ಯಾಲೆಂಡರನ್ನು ಕೆಳಗಿಳಿಸಿ. ಪ್ರತಿ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ, ಕೆಲಸ ಮಾಡುವ ದಿನವನ್ನು ಬೇರೆ ಬಣ್ಣದಲ್ಲಿ ಗುರುತಿಸಿ.

2. ದಿನದ ಜೊತೆಗೆ ಹೊತ್ತು, ಸ್ಥಳ ಮತ್ತು ಮಾಡುವವರ ಹೆಸರನ್ನೂ ಬರೆಯಿರಿ. ‘ಶನಿವಾರ ಸಂಜೆ ಆರಕ್ಕೆ, ಊಟದ ಮೇಜಿನ ಬಳಿ, ಅಪ್ಪ ಮತ್ತು ಮಗಳು’ ಎಂದು ಬರೆದರೆ ಸಾಕು.

3. ನಿಮ್ಮ ಅಂದಾಜಿಗೆ ಅದರ ಅರ್ಧದಷ್ಟನ್ನು ಕೂಡಿಸಿ. ನಾಲ್ಕು ದಿನ ಸಾಕೆನಿಸಿದರೆ ಆರು ದಿನ ಇಟ್ಟುಕೊಳ್ಳಿ. ಭಾನುವಾರವನ್ನು ಮಾತ್ರ ತುಂಬಬೇಡಿ, ಅದು ದೇವರಿಗೂ ವಿಶ್ರಾಂತಿಗೂ ಇರಲಿ.

4. ಕೊನೆಯ ದಿನವಿಲ್ಲದ ಒಂದು ಕೆಲಸಕ್ಕೆ ಈ ತಿಂಗಳಲ್ಲೇ ಒಂದು ದಿನ ಕೊಡಿ. ಊರಿನಲ್ಲಿ ಒಂಟಿಯಾಗಿರುವ ತಾಯಿಯ ಭೇಟಿ ಇರಬಹುದು, ಮಾತು ಬಿಟ್ಟ ಅಣ್ಣನ ಮನೆಯ ಬಾಗಿಲು ತಟ್ಟುವುದಿರಬಹುದು.

ಈಗ ನನ್ನ ಡೈರಿಯಲ್ಲಿ ಪ್ರತಿ ಗುರುವಾರ ಸಂಜೆ ನಾಲ್ಕು ಗಂಟೆಗೆ ಒಂದು ಮನೆಯ ಹೆಸರಿರುತ್ತದೆ. ಆ ವೃದ್ಧರ ತಮ್ಮನ ಹೆಸರನ್ನು ಮೊದಲ ಗುರುವಾರಕ್ಕೆ ಬರೆದಿದ್ದೆ, ಹೋಗಿಯೂ ಬಂದೆ.