ಬೆನ್ನೇರುವ ಮೊದಲು

ಅಥಣಿ
ಕಾರ್ತಿಕ ಮಾಸ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ದೀಪಾವಳಿಗೆ ಅಕಲೂಜದ ಕುದುರೆ ಬಜಾರಕ್ಕೆ ಹೋಗಿ ನೀನು ಒಂದು ಗಂಡು ಮರಿ ತಂದೆಯೆಂದು ನಿಮ್ಮವ್ವ ಫೋನಿನಲ್ಲಿ ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ದ್ರಾಕ್ಷಿಯಿಂದ ನಾಲ್ಕು ದುಡ್ಡು ಕೈಗೆ ಬಂದರೆ ನಿನ್ನ ವಾರಿಗೆಯವರು ಮೋಟಾರ್ ಸೈಕಲ್ ತರುತ್ತಾರೆ. ನೀನು ಒಂದು ಜೀವವನ್ನು ಮನೆಗೆ ಕರೆತಂದೆ. ಅದಕ್ಕಾಗಿ ಮೊದಲು ನಿನಗೆ ಶಹಬ್ಬಾಸ್.

ನೀನು ಕಳಿಸಿದ ವಿಡಿಯೊಗಳನ್ನೆಲ್ಲ ನೋಡಿದೆ. ಅವುಗಳ ಜೊತೆ ಒಂದು ಪ್ರಶ್ನೆ ಕೇಳಿದ್ದಿ: "ಮಾವಾ, ಜತ್ತದ ಯಲ್ಲಮ್ಮನ ಜಾತ್ರಿಗೆ ಹತ್ತಿಕೊಂಡು ಹೋಗಲೇನು?" ಬೇಡ ತಮ್ಮಾ. ಈ ಜಾತ್ರೆಗೂ ಬೇಡ, ಬರುವ ವರ್ಷದ ಜಾತ್ರೆಗೂ ಬೇಡ. ನಿನ್ನ ಮನಸ್ಸಿಗೆ ನೋವಾಗುತ್ತದೆಂದು ಗೊತ್ತು. ಆದರೂ ಯಾಕೆ ಬೇಡ, ಹತ್ತುವವರೆಗೆ ಏನು ಮಾಡಬೇಕು ಎಂಬುದನ್ನು ಹೇಳಲೆಂದೇ ಇಷ್ಟು ಉದ್ದದ ಕಾಗದ ಬರೆಯುತ್ತಿದ್ದೇನೆ.

ಮಾರಿದವನು ಮರಿಗೆ ಮೂರು ವರ್ಷ ಅಂದನಂತೆ. ಅವನ ಮಾತು ಬಿಡು, ಹಲ್ಲು ನೋಡು. ಕುದುರೆಯ ಮುಂಬಾಯಿಯ ನಡುವಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ. ಅದರ ಪಕ್ಕದವು ಮೂರೂವರೆಗೆ, ಕೊನೆಯವು ನಾಲ್ಕೂವರೆಗೆ ಬರುತ್ತವೆ. ಐದಕ್ಕೆ ಬಾಯಿ ಕೂಡುತ್ತದೆ. ನಿನ್ನ ವಿಡಿಯೊದಲ್ಲಿ ಮುಂದಿನ ಹಲ್ಲುಗಳೆಲ್ಲ ಸಣ್ಣವು, ಬೆಳ್ಳಗಿನವು, ಒಂದೂ ಬಿದ್ದಿಲ್ಲ. ಅಂದರೆ ಅದಕ್ಕೆ ಇನ್ನೂ ಎರಡೂವರೆ ತುಂಬಿಲ್ಲ, ಸುಮಾರು ಎರಡು ವರ್ಷವಿರಬೇಕು.

ಎರಡು ವರ್ಷದ ಮರಿ ನೋಡಲು ಎತ್ತರವಾಗಿರುತ್ತದೆ, ಓಡುತ್ತದೆ, ನೆಗೆಯುತ್ತದೆ. ಹೀಗಾಗಿ ಬೆಳೆದೇ ಬಿಟ್ಟಿದೆ ಅಂತ ಅನಿಸುತ್ತದೆ. ಆದರೆ ಕುದುರೆಯ ಎಲುಬು ಗಟ್ಟಿಯಾಗುವುದು ಕೆಳಗಿನಿಂದ ಮೇಲಕ್ಕೆ. ಗೊರಸಿನ ಹತ್ತಿರದ ಎಲುಬುಗಳು ಮೊದಲ ವರ್ಷದಲ್ಲೇ ಬಲಿಯುತ್ತವೆ. ಮುಂಗಾಲಿನ ಮೊಣಕಾಲಿನ ಮೇಲಿನ ಎಲುಬು ಎರಡೂವರೆ ವರ್ಷದ ಹೊತ್ತಿಗೆ ಬಲಿಯುತ್ತದೆ, ಭುಜ ಮತ್ತು ತೊಡೆಯವು ಮೂರು ದಾಟಬೇಕು. ಎಲ್ಲಕ್ಕೂ ಕಡೆಗೆ ಬಲಿಯುವುದು ಬೆನ್ನಿನ ಎಲುಬುಗಳು. ಅವಕ್ಕೆ ಐದೂವರೆ ವರ್ಷವಾದರೂ ಬೇಕು. ನಾವು ಕೂರುವುದು ಸರಿಯಾಗಿ ಅಲ್ಲೇ. ಎಳೆಯ ಬೆನ್ನಿನ ಮೇಲೆ ಇಂದು ಕೂತರೆ ಇಂದೇ ಏನೂ ಕಾಣುವುದಿಲ್ಲ, ಮುಂದೆ ಹರೆಯದಲ್ಲೇ ಕುದುರೆ ಕುಂಟಬಹುದು. ಆಗ ದುಡ್ಡಾಗಲಿ ಔಷಧವಾಗಲಿ ಆ ಬೆನ್ನನ್ನು ಹಿಂದಕ್ಕೆ ತರುವುದಿಲ್ಲ. ನಾಲ್ಕು ತುಂಬಿದ ಮೇಲೆ ಹಗುರಾಗಿ ಹತ್ತು. ಆಗಲೂ ನೀನು ಮತ್ತು ಜೀನು ಸೇರಿ ಅದರ ತೂಕದ ಐದರಲ್ಲಿ ಒಂದು ಪಾಲು ದಾಟಬಾರದು. ಮುನ್ನೂರು ಕಿಲೊ ಕುದುರೆಗೆ ಅರವತ್ತು ಕಿಲೊ, ಅಷ್ಟೇ.

ಈ ಎರಡು ವರ್ಷ ಸುಮ್ಮನೆ ಕಳೆಯಬೇಕಲ್ಲ ಎಂದುಕೊಳ್ಳಬೇಡ. ಕುದುರೆ ಪಳಗುವುದು ಈ ಎರಡು ವರ್ಷಗಳಲ್ಲೇ. ಬೆನ್ನೇರುವುದು ಕಲಿಕೆಯ ಕಡೆಯ ಮೆಟ್ಟಿಲು. ಉಳಿದ ಮೆಟ್ಟಿಲುಗಳನ್ನೆಲ್ಲ ನೀನು ನೆಲದ ಮೇಲೆ, ಅದರ ಪಕ್ಕದಲ್ಲಿ ನಡೆಯುತ್ತ ಹತ್ತಬೇಕು.

ಮೊದಲು ಅದರ ಸ್ವಭಾವ ತಿಳಿದುಕೋ. ಹುಲಿ-ತೋಳಗಳಿಂದ ಓಡಿ ಬದುಕಿದ ಪ್ರಾಣಿ ಅದು. ಕಣ್ಣು ತಲೆಯ ಎರಡು ಮಗ್ಗುಲಿಗೆ ಇರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಆದರೆ ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಕುರುಡು. ಆ ಎರಡು ಕಡೆಯಿಂದ ಎಂದೂ ಹೋಗಬೇಡ. ಮಾತಾಡಿಸುತ್ತ ಭುಜದ ಕಡೆಯಿಂದ ಹೋಗು, ಮೊದಲು ಕುತ್ತಿಗೆಯ ಬುಡ ಸವರು. ಕಿವಿಗಳನ್ನು ಸದಾ ಗಮನಿಸು. ಅದರ ಮನಸ್ಸು ಯಾವ ಕಡೆಗಿದೆಯೋ ಕಿವಿ ಆ ಕಡೆಗೆ ತಿರುಗಿರುತ್ತದೆ. ಕಿವಿ ಹಿಂದಕ್ಕೆ ಚಪ್ಪಟೆ ಅಂಟಿತೆಂದರೆ ನೀನೂ ಒಂದು ಹೆಜ್ಜೆ ಹಿಂದೆ ಸರಿ.

ಆಮೇಲೆ ಹಗ್ಗದ ಪಾಠ. ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ ಕಾಯಿ, ಜಗ್ಗಬೇಡ. ಅದು ಅರ್ಧ ಹೆಜ್ಜೆ ಮುಂದಿಟ್ಟಿತೋ, ಆ ಕ್ಷಣಕ್ಕೇ ಸಡಿಲಿಸು. ಕುದುರೆ ಕಲಿಯುವುದು ಬಿಗಿಯಿಂದಲ್ಲ, ಸಡಿಲಿಸಿದ ಗಳಿಗೆಯಿಂದ. ಬಿಗಿ ಹೋದದ್ದು ಯಾವಾಗ ಎಂಬುದನ್ನೇ ಅದು ನೆನಪಿಡುತ್ತದೆ. ಜಗ್ಗಾಡಿದಾಗ ಸಡಿಲಿಸಿದರೆ ಜಗ್ಗಾಡುವುದನ್ನು ಕಲಿಯುತ್ತದೆ, ನಡೆದಾಗ ಸಡಿಲಿಸಿದರೆ ನಡೆಯುವುದನ್ನು ಕಲಿಯುತ್ತದೆ. ಎಡಕ್ಕೆ ಕಲಿಸಿದ್ದನ್ನು ಬಲಕ್ಕೂ ಬೇರೆಯಾಗಿ ಕಲಿಸಬೇಕು. ಒಂದು ಹೊತ್ತಿಗೆ ಹದಿನೈದು ನಿಮಿಷ ಸಾಕು. ಒಂದು ಕೆಲಸ ಸರಿಯಾಗಿ ಮಾಡಿದ ಕೂಡಲೇ ನಿಲ್ಲಿಸಿ ಬಿಟ್ಟುಬಿಡು. ನಾಳೆ ಅದು ತಾನಾಗಿ ನಿನ್ನ ಹತ್ತಿರ ಬರುತ್ತದೆ.

ಸಿಟ್ಟು ಬಂದ ದಿನ ಕೊಟ್ಟಿಗೆಯಿಂದ ಹೊರಗೆ ಬಾ. ಗ್ರೀಸಿನ ಕ್ಸೆನೊಫೊನ್ ಎಂಬವನು ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಕುದುರೆಯ ಜೊತೆ ಎಂದೂ ಸಿಟ್ಟಿನಲ್ಲಿ ವ್ಯವಹರಿಸಬಾರದೆಂದು ಬರೆದಿಟ್ಟ. ನಮ್ಮ ನೆಲವನ್ನಾಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆ ಸವಾರಿಗೆಂದೇ ಜಾಗ ಕೊಟ್ಟಿದ್ದಾನೆ. ಅರಸರೇ ಕೂತು ಬರೆಯುವಷ್ಟು ದೊಡ್ಡ ವಿದ್ಯೆ ಇದು, ಚಾಬೂಕಿನಿಂದ ಬರುವಂಥದ್ದಲ್ಲ.

ದಿನಾಲು ನಾಲ್ಕೂ ಕಾಲು ಎತ್ತುವುದು ರೂಢಿ ಮಾಡಿಸು. ಜತ್ತದ ನೆಲ ಕಲ್ಲು, ಮುರಮಿನ ನೆಲ. ಗೊರಸಿನ ಸಂದಿಯಲ್ಲಿ ಹರಳು ಸಿಕ್ಕರೆ ಕುಂಟುತ್ತದೆ, ಲದ್ದಿಯಲ್ಲಿ ನಿಂತರೆ ಗೊರಸಿನ ನಡುವಿನ ಮೆತ್ತನೆಯ ಭಾಗ ಕೊಳೆಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸಬೇಕು. ಕೆಲಸವಿಲ್ಲದ ಮರಿಗೆ ಈಗ ಲಾಳ ಬೇಡ. ಹಣೆಯ ಸುಳಿ, ಕಾಲಿನ ಬಿಳುಪು ನೋಡಿ ಊರಿನವರು ಶಕುನ ಹೇಳುತ್ತಾರೆ, ಹೇಳಲಿ. ನೀನು ಗೊರಸು ನೋಡು.

ಮೇವಿನಲ್ಲಿ ಎತ್ತಿನ ಲೆಕ್ಕ ಹಾಕಬೇಡ. ಎತ್ತು ಮೆಲುಕು ಹಾಕುತ್ತದೆ, ಕುದುರೆಗೆ ಮೆಲುಕಿಲ್ಲ. ಅದರ ಜಠರ ಸಣ್ಣದು, ವಾಂತಿ ಮಾಡಲೂ ಬಾರದು. ಆದ್ದರಿಂದ ಒಮ್ಮೆಲೇ ರಾಶಿ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಒಣಮೇವು ಮುಂದಿರಬೇಕು. ಕಾಳು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಶೂಲೆ ಬರುತ್ತದೆ. ನೆಲಕ್ಕೆ ಬಿದ್ದು ಹೊರಳಾಡುತ್ತ, ಹೊಟ್ಟೆಯ ಕಡೆ ತಿರುತಿರುಗಿ ನೋಡುತ್ತ ಒದ್ದಾಡಿದರೆ ಒಂದು ಗಳಿಗೆಯೂ ತಡಮಾಡದೆ ಡಾಕ್ಟರನ್ನು ಕರೆಸು. ಇನ್ನೊಂದು ಮುಖ್ಯ ಮಾತು: ಹಿಂಗಾರಿ ಜೋಳ ಈಗ ಹೊಲದಲ್ಲಿ ಹಸಿರಾಗಿ ನಿಂತಿದೆ. ಅದರಲ್ಲಿ ಮರಿಯನ್ನು ಬಿಡಬೇಡ. ಹಸಿ ಜೋಳ ಮೇದ ಕುದುರೆಗೆ ಮೂತ್ರಚೀಲ ಕೆಟ್ಟು ಹಿಂಗಾಲು ತಡವರಿಸುವ ರೋಗ ಬರಬಹುದು. ಚೆನ್ನಾಗಿ ಒಣಗಿದ ಕಣಿಕೆ ಸ್ವಲ್ಪ ಕೊಡಬಹುದು, ಅದಕ್ಕಿಂತ ಒಣಹುಲ್ಲು ಒಳ್ಳೆಯದು. ತೋಟದ ಮೂಲೆಯಲ್ಲಿ ನಾಲ್ಕು ಸಾಲು ಕುದುರೆ ಮಸಾಲೆ ಸೊಪ್ಪು ಹಾಕು. ನೆನೆಸಿದ ಕಡಲೆ, ಬೇಯಿಸಿದ ಹುರುಳಿ ಮುಷ್ಟಿಯಿಂದ ಶುರುಮಾಡಿ ಮೆಲ್ಲಗೆ ಏರಿಸು. ಔಷಧ ಹೊಡೆದ ದ್ರಾಕ್ಷಿ, ದಾಳಿಂಬೆ ತೋಟದ ಬದುವಿನ ಹುಲ್ಲು ಬೇಡವೇ ಬೇಡ. ದಿನಕ್ಕೆ ಇಪ್ಪತ್ತೈದರಿಂದ ನಲವತ್ತು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಿಮ್ಮ ತಾಲೂಕಿನ ನೀರಿನ ಪಾಡು ನಿನಗೆ ಗೊತ್ತಿದೆ. ಟ್ಯಾಂಕರ್ ಬರುವ ದಿನಗಳಲ್ಲಿ ಅದರ ಪಾಲು ಮೊದಲೇ ತೆಗೆದಿಡು. ಒಂದು ಉಪ್ಪಿನ ಗಡ್ಡೆ ಗೋದಲಿಯಲ್ಲಿ ಸದಾ ಇರಲಿ.

ಕಟ್ಟುವ ಹಗ್ಗ ತೀರಾ ಗಿಡ್ಡ ಮಾಡಬೇಡ. ಕುದುರೆ ನಿಂತು ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಸ್ವಲ್ಪ ಹೊತ್ತಾದರೂ ನೆಲಕ್ಕೆ ಮೈ ಚಾಚಲೇಬೇಕು. ಒಂಟಿಯಾಗಿಯೂ ಇಡಬೇಡ. ಇನ್ನೊಂದು ಕುದುರೆ ಇಲ್ಲದಿದ್ದರೆ ಒಂದು ಆಡು ಜೊತೆಗಿರಲಿ.

ಜತ್ತದ ಪಶು ದವಾಖಾನೆಗೆ ಈ ವಾರವೇ ಹೋಗು. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ, ಒಂದು ಮುಳ್ಳು ಸಾಕು. ಅದರ ಲಸಿಕೆ, ಹುಚ್ಚುನಾಯಿ ರೋಗದ ಲಸಿಕೆ ಎರಡೂ ಹಾಕಿಸು. ದೊಡ್ಡ ನೊಣಗಳಿಂದ ಹರಡುವ ಸರ್ರಾ ರೋಗದ ಬಗ್ಗೆ, ಮನುಷ್ಯರಿಗೂ ಅಂಟುವ ಗ್ಲ್ಯಾಂಡರ್ಸ್ ಬಗ್ಗೆ ರಕ್ತ ಪರೀಕ್ಷೆ ಮಾಡಿಸು. ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರ ಇದಕ್ಕೆಲ್ಲ ದೇಶದ ದೊಡ್ಡ ಆಸರೆ. ಬಜಾರದಲ್ಲಿ ನೂರಾರು ಕುದುರೆಗಳ ನಡುವೆ ನಿಂತು ಬಂದ ಮರಿ ನಿನ್ನದು, ಇದನ್ನು ಮುಂದೂಡಬೇಡ. ಗಂಡು ಮರಿಯಾದ್ದರಿಂದ ಬೀಜ ತೆಗೆಸುವ ಮಾತನ್ನೂ ಡಾಕ್ಟರ ಹತ್ತಿರ ಆಡು. ಹೊಸಬನ ಕೈಯಲ್ಲಿ ಹರೆಯದ ಗಂಡುಗುದುರೆ ಇಬ್ಬರಿಗೂ ಅಪಾಯ.

ನಮ್ಮ ಸೀಮೆ ಕುದುರೆಗೆ ಹೊಸದಲ್ಲ ತಮ್ಮಾ. ಕುರಿಮಂದೆಯ ಹಿಂದೆ ಸಂಸಾರವನ್ನೆಲ್ಲ ಹೊತ್ತು ನಡೆಯುವ ತಟ್ಟುಗಳನ್ನು ನೀನು ಚಿಕ್ಕಂದಿನಿಂದ ನೋಡಿದ್ದಿ. ಭೀಮೆಯ ದಂಡೆಯ ಆ ಭೀಮಥಡಿ ಕುದುರೆಗಳನ್ನು ಕರ್ನಾಲದ ರಾಷ್ಟ್ರೀಯ ಸಂಸ್ಥೆ ಈಚೆಗೆ ದೇಶದ ಒಂದು ಸ್ವಂತ ತಳಿಯೆಂದು ನೋಂದಾಯಿಸಿದೆ. ಒಂದು ಕಾಲಕ್ಕೆ ಮರಾಠ ದಂಡಿನ ರಾವುತರನ್ನು ಹೊತ್ತ ತಳಿ ಅದು. ಚಿಕ್ಕೋಡಿ ಕಡೆಯ ಅಂಕಲಿಯನ್ನು ನೆನೆ. ಪ್ರತಿ ವರ್ಷ ಅಲ್ಲಿಯ ಶಿತೋಳೆ ಮನೆತನದ ಕುದುರೆಗಳು ಕೃಷ್ಣೆಯ ದಂಡೆಯಿಂದ ಆಳಂದಿಗೆ ನಡೆದು ಹೋಗಿ ಸಂತ ಜ್ಞಾನೇಶ್ವರರ ಪಾಲಕಿಯ ಜೊತೆ ಪಂಢರಪುರದ ಪಾದಯಾತ್ರೆಯಾದ ವಾರಿಯಲ್ಲಿ ಸೇರುತ್ತವೆ. ದಾರಿಯಲ್ಲಿ ನಡೆಯುವ ರಿಂಗಣವೆಂಬ ಓಟದಲ್ಲಿ ಒಂದು ಕುದುರೆ ಸವಾರನೇ ಇಲ್ಲದೆ, ಲಕ್ಷಗಟ್ಟಲೆ ಜನರ ನಡುವೆ, ತಾಳ-ಮೃದಂಗದ ಗದ್ದಲದಲ್ಲಿ ಓಡುತ್ತದೆ. ಹಾಗೆ ಬೆದರದೆ ಓಡಬೇಕಾದರೆ ಅದಕ್ಕೆ ತನ್ನ ಜನರ ಮೇಲೆ ಎಷ್ಟು ನಂಬಿಕೆ ಇರಬೇಕು! ನೀನು ಗಳಿಸಬೇಕಾದದ್ದು ಅದನ್ನೇ. ಟ್ರ್ಯಾಕ್ಟರ್, ಡಿಜೆ, ಹರಿವ ನೀರು, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಮೊದಲು ದೂರದಿಂದ ತೋರಿಸು. ಮರಿ ತಾನಾಗಿ ತಲೆ ತಗ್ಗಿಸಿದ ಮೇಲೆ ಇನ್ನೆರಡು ಹೆಜ್ಜೆ ಹತ್ತಿರ ಒಯ್ಯಿ.

ಮಂದಿ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ. ಕಟ್ಟೆಯ ಮೇಲೆ ಕೂತವರು "ಯಾವಾಗ ಹತ್ತತಿಯೋ? ಪೂಜಾ ಮಾಡಾಕ ತಂದಿಯೇನು?" ಅಂತ ಕೇಳುತ್ತಾರೆ. ಮದುವೆ ವರಾತಕ್ಕೆ ಕುಣಿಸಲು ಕೊಡು ಅನ್ನುವವರು, ಶರ್ಯತ್ತಿಗೆ ಹೂಡೋಣ ಅನ್ನುವವರು, ಕೈಯಲ್ಲಿ ದುಡ್ಡು ಹಿಡಿದುಕೊಂಡೇ ಬರುತ್ತಾರೆ. ಹೊಡೆತದ ಹೆದರಿಕೆಯಿಂದ ಕುಣಿಯುವ ಕುದುರೆಯನ್ನೂ, ಡಾಂಬರಿನ ಮೇಲೆ ಓಡಿ ಎಳೆಗಾಲು ಕಳೆದುಕೊಂಡ ಕುದುರೆಯನ್ನೂ ನಾನು ಕಂಡಿದ್ದೇನೆ. ನಿನ್ನದು ಹಾಗಾಗಬಾರದು. "ಇನ್ನೂ ಸಣ್ಣದದ, ನಮ್ಮ ಮಾವ ಬ್ಯಾಡ ಅಂದಾನ" ಎಂದು ನನ್ನ ಹೆಸರು ಹೇಳಿಬಿಡು. ಅಷ್ಟು ಭಾರ ನಾನು ಹೊರುತ್ತೇನೆ.

ಮರಿಗೆ ನಾಲ್ಕು ತುಂಬುವವರೆಗೆ ನೀನೂ ಕಲಿ. ಸವಾರನೂ ಹೊಸಬ, ಕುದುರೆಯೂ ಹೊಸದು ಎಂದಾದರೆ ಬೆದರಿದಾಗ ಒಬ್ಬರಿಗೊಬ್ಬರು ಧೈರ್ಯ ಕೊಡಲಾರರು. ಯಾರಾದರೂ ಬಲ್ಲವರ ಹತ್ತಿರ, ವಯಸ್ಸಾದ ಪಳಗಿದ ಕುದುರೆಯ ಮೇಲೆ ಸವಾರಿ ಕಲಿತುಕೋ. ಲಗಾಮಿನ ಮೇಲೆ ಜೋತು ಬೀಳದೆ ಕೂರುವ ಸಮತೋಲ ನಿನಗೆ ಬಂದಿರಬೇಕು. ತಲೆಗೆ ಹೆಲ್ಮೆಟ್ ಇಲ್ಲದೆ ಹತ್ತಬೇಡ, ಇದು ನಿಮ್ಮವ್ವನ ಪರವಾಗಿ ಹೇಳುವ ಮಾತು. ಕುದುರೆಗೆ ನಾಲ್ಕು ತುಂಬುವ ದಿನಕ್ಕೆ ಹಗುರ ಸವಾರಿಗೆ ಅದರ ಬೆನ್ನೂ ಸಿದ್ಧವಾಗಿರುತ್ತದೆ, ನಿನ್ನ ಕೈಯೂ ಸಿದ್ಧವಾಗಿರುತ್ತದೆ. ಒಳ್ಳೆಯ ಆರೈಕೆ ಸಿಕ್ಕ ಕುದುರೆ ಇಪ್ಪತ್ತೈದು ವರ್ಷ ಬದುಕುತ್ತದೆ. ಅಷ್ಟು ದೀರ್ಘ ಜೊತೆಗೆ ಎರಡು ವರ್ಷದ ತಾಳ್ಮೆ ಹೆಚ್ಚಿನ ಬೆಲೆಯಲ್ಲ.

ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ನಾನು ನಿಮ್ಮ ಬಿಳೂರಕ್ಕೆ ಬರುವವನಿದ್ದೇನೆ. ಆ ದಿನ ನನಗೆ ಸವಾರಿ ತೋರಿಸುವುದು ಬೇಡ. ಹಗ್ಗ ಸಡಿಲವಿಟ್ಟುಕೊಂಡು ಅದರ ಜೊತೆ ಹೊಲದ ಬದುವಿನಗುಂಟ ನಡೆದು ತೋರಿಸು, ನಾಲ್ಕೂ ಕಾಲು ಒಂದೊಂದಾಗಿ ಎತ್ತಿ ತೋರಿಸು. ಅಷ್ಟಾದರೆ ಕುದುರೆಗೆ ನನ್ನ ಕಡೆಯಿಂದ ಒಂದು ಒಳ್ಳೆಯ ಜೀನು. ಈಗಲೇ ಹೇಳಿ ಇಡುತ್ತೇನೆ. ಅದು ಬಳಕೆಗೆ ಬರುವುದು ಎರಡು ವರ್ಷದ ನಂತರವೇ ಎಂಬ ಮಾತು ಮಾತ್ರ ನಮ್ಮಿಬ್ಬರ ನಡುವೆ ಇರಲಿ.

ನಿಮ್ಮವ್ವನಿಗೂ ನಿಮ್ಮಪ್ಪನಿಗೂ ನಾನು ಕೇಳಿದೆನೆಂದು ಹೇಳು. ಡಾಕ್ಟರ ಹತ್ತಿರ ಹೋಗಿ ಬಂದ ದಿನವೇ ಫೋನು ಮಾಡು.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ
ಸೋದರಮಾವ