ಹುಚ್ಚುನಾಯಿ ಕಡಿತದ ಲೆಕ್ಕವೂ ಅಧ್ಯಕ್ಷ ಪೀಠವೂ

ವೈದ್ಯರ ಸಂಘವೊಂದರ ಅಧ್ಯಕ್ಷತೆಯನ್ನು ಒಬ್ಬರು ಬಯಸಿದರೆಂದರೆ ನಮ್ಮಲ್ಲಿ ಅನೇಕರು ಮುಗುಳುನಗುತ್ತಾರೆ. ಹಾರ, ಶಾಲು, ವೇದಿಕೆಯ ನಡುಗುರ್ಚಿಗಳ ಆಸೆಯೆಂದು ತಿಳಿಯುತ್ತಾರೆ. ಉಳಿದವರ ಮಾತು ಹೇಗೋ, ಸಾಂಕ್ರಾಮಿಕ ರೋಗಶಾಸ್ತ್ರಜ್ಞರ ವಿಷಯದಲ್ಲಿ ಈ ನಗು ಸಲ್ಲದೆಂದು ನನಗೆ ತೋರುತ್ತದೆ. ಶಸ್ತ್ರವೈದ್ಯನಿಗೆ ಒಬ್ಬ ರೋಗಿ, ಒಂದು ಮೇಜು ಇದ್ದರೆ ಕೆಲಸ ನಡೆಯುತ್ತದೆ. ಇವರ ರೋಗಿಯಾದರೋ ಇಡೀ ಊರು, ಒಮ್ಮೊಮ್ಮೆ ಇಡೀ ದೇಶ. ಅದನ್ನು ಒಬ್ಬರೇ ನೋಡಿ ಮುಗಿಸಲಾರರು.

ಪೊಳಲಿಯ ಜಾತ್ರೆಯಲ್ಲಿ, ಚೆಂಡಿನ ದಿನ ಜನ ಕಿಕ್ಕಿರಿದಿರುವಾಗ, ಬೀದಿನಾಯಿಯೊಂದು ಪರವೂರಿನ ಹುಡುಗನ ಕಾಲನ್ನು ಕಚ್ಚಿತೆಂದು ಭಾವಿಸೋಣ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಕೂಡಲೇ ಲಸಿಕೆ ಹಾಕಿಸಿದ್ದರೆ ಭಯವಿರಲಿಲ್ಲ. ಮನೆಯವರು ನಾಟಿಮದ್ದು ಹಚ್ಚಿ ಸುಮ್ಮನಾದರು. ವಿಷಾಣು ನರಗಳ ಹಾದಿಯಲ್ಲಿ ಮಿದುಳಿನ ಕಡೆಗೆ ಮೆಲ್ಲನೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಹುಡುಗ ಪೊಳಲಿಯನ್ನೇ ಮರೆತಿರುತ್ತಾನೆ. ನೀರು ಕಂಡರೆ ಗಂಟಲು ಬಿಗಿಯತೊಡಗಿದ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪೂರ್ವ. ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುತ್ತಾರೆ, ಮನೆಯಲ್ಲೇ ತೀರಿಕೊಳ್ಳುತ್ತಾನೆ. ಈ ಸಾವು ಯಾವ ದಫ್ತರದಲ್ಲಿ ಬರೆಯಲ್ಪಡಬೇಕು? ಕಚ್ಚಿದ್ದು ಒಂದು ತಾಲೂಕಿನಲ್ಲಿ, ಸತ್ತದ್ದು ಇನ್ನೊಂದರಲ್ಲಿ; ಆಸ್ಪತ್ರೆಯ ಪುಸ್ತಕದಲ್ಲಿ ಸಾವೇ ಇಲ್ಲ.

ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿದ್ಯಾಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಕೆ. ಸುದರ್ಶನ್ ಅವರ ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. ಭಾರತದಲ್ಲಿ ರೇಬಿಸ್ ತಡೆಗಾಗಿ 1998ರಲ್ಲಿ ಹುಟ್ಟಿದ ಸಂಘಕ್ಕೆ ಅವರು ಸ್ಥಾಪಕ ಅಧ್ಯಕ್ಷರು. ಪ್ರಾಧ್ಯಾಪಕನ ಮಾತು ತನ್ನ ಕಾಲೇಜಿನ ಗೋಡೆಯೊಳಗೆ ನಡೆದೀತು. ಪರರಾಜ್ಯದ ಕಾಲೇಜಿಗೆ ಅಪ್ಪಣೆ ಮಾಡಲು ಅವನಾರು? ಸಂಘವಾದರೆ ಕೇಳಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2003ರಲ್ಲಿ ಈ ಸಂಘವು ದೇಶದ 21 ವೈದ್ಯಕೀಯ ಕಾಲೇಜುಗಳನ್ನು ಒಂದೇ ಸಮೀಕ್ಷೆಗೆ ಕೂಡಿಸಿತು. ದೊರೆತ ಅಂದಾಜು ವರ್ಷಕ್ಕೆ 17,137 ಸಾವುಗಳು. ಪಾರ್ಶ್ವವಾಯುವಿನಂತೆ ತೋರಿ ಗುರುತು ತಪ್ಪುವ ಪ್ರಕರಣಗಳಿಗಾಗಿ ಶೇಕಡಾ 20 ಸೇರಿಸಿ 20,565 ಎಂದು ಗೊತ್ತುಮಾಡಿದರು. ಎಂದರೆ ಲಕ್ಷಕ್ಕೆ ಸುಮಾರು ಇಬ್ಬರು. ನಾಲ್ಕು ಲಕ್ಷ ಜನರ ತಾಲೂಕಿಗೆ ಎಂಟು ಮಂದಿಯಾಯಿತು. ಸರಾಸರಿಯನ್ನು ಹೀಗೆ ಹಂಚುವುದು ಶಾಸ್ತ್ರಸಮ್ಮತವಲ್ಲವಾದರೂ ಎಂಟು ಮನೆಗಳೆಂದಾಗ ಲೆಕ್ಕ ಮನಸ್ಸಿಗೆ ತಟ್ಟುತ್ತದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಲಸಿಕೆ ಹಾಕಿಸಿಕೊಳ್ಳದವರು. ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಸುಮಾರು ಅರ್ಧದಷ್ಟೇ.

ಪೀಠವಿದ್ದ ಮಾತ್ರಕ್ಕೆ ಸತ್ಯ ಗೆಲ್ಲುವುದೆಂದು ನಾನು ಹೇಳುತ್ತಿಲ್ಲ. ಲಂಡನ್ನಿನಲ್ಲಿ 1854ರಲ್ಲಿ ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾಲರಾಕ್ಕೆ ಕಾರಣವೆಂದು ತೋರಿಸಿದ ಜಾನ್ ಸ್ನೋ ಮರುವರ್ಷ ಲಂಡನ್ ವೈದ್ಯಕೀಯ ಸಂಘದ ಅಧ್ಯಕ್ಷನಾದ. ಆದರೂ 1858ರಲ್ಲಿ ಅವನು ಕಣ್ಣು ಮುಚ್ಚುವಾಗ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ ವೈದ್ಯರೇ ಹೆಚ್ಚು. ನೆರೆಹೊರೆಯ ಸಾವುಗಳನ್ನು ಅವನು ತಾನೇ ಮನೆಮನೆಗೆ ನಡೆದು ವಿಚಾರಿಸಿದ್ದ. ದೇಶವೇ ರೋಗಿಯಾದಾಗ ಹಾಗೆ ನಡೆಯುವುದು ಯಾರ ಕಾಲಿಗೂ ಸಾಧ್ಯವಲ್ಲ.

ಅಲ್ಲಿಂದೀಚೆಗೆ ಹಳೆಯ ಸೆಂಪಲ್ ಲಸಿಕೆ, ಎಂದರೆ ಕುರಿಯ ಮಿದುಳಿನಿಂದ ತಯಾರಿಸಿ ಹೊಟ್ಟೆಗೆ ಚುಚ್ಚುತ್ತಿದ್ದುದು, ನಮ್ಮ ದೇಶದಲ್ಲಿ ನಿಂತುಹೋಯಿತು. 2006ರಲ್ಲಿ ಚರ್ಮದೊಳಗೆ ಅಲ್ಪ ಪ್ರಮಾಣದಲ್ಲಿ ಲಸಿಕೆ ಕೊಡುವ ಕ್ರಮಕ್ಕೆ ಒಪ್ಪಿಗೆ ದೊರೆತು, ಬಡವರಿಗೂ ಅದು ಎಟಕುವಂತಾಯಿತು. 2022-23ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ನಡೆಸಿದ ಸಮೀಕ್ಷೆಯಂತೆ ವರ್ಷಕ್ಕೆ 5,726 ಸಾವುಗಳು. ಎರಡು ಸಮೀಕ್ಷೆಗಳ ಎಣಿಕೆಯ ಕ್ರಮ ಒಂದೇ ಅಲ್ಲವಾದುದರಿಂದ ಇಳಿದದ್ದೆಷ್ಟು, ಎಣಿಕೆ ಬೇರೆಯಾದುದರಿಂದ ಕಂಡ ವ್ಯತ್ಯಾಸವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಾಯಿಯಿಂದ ಬರುವ ಈ ರೋಗವನ್ನು 2030ರೊಳಗೆ ಇಲ್ಲವಾಗಿಸಬೇಕೆಂದು 2021ರಲ್ಲಿ ಕೇಂದ್ರ ಸರಕಾರ ಗುರಿಯಿಟ್ಟಿದೆ. ಆ ವರ್ಷ ಪೊಳಲಿಯ ಚೆಂಡಿಗೆ ಬಂದು ಕಚ್ಚಿಸಿಕೊಂಡ ಹುಡುಗನನ್ನೂ ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.